ಶುಕ್ರವಾರ ನೋಡಿದ ಮನೆ

ಮಗಳು ಮಲಗಿದ ಮೇಲೆ ಅವಳ ಎದೆಗೆ ಕಿವಿಯಿಟ್ಟು ಕೇಳುವ ಚಟ ರಂಜಿತಾಗೆ ಯಾವಾಗ ಅಂಟಿಕೊಂಡಿತೋ ಅವಳಿಗೇ ನೆನಪಿಲ್ಲ. ಕೇಳದಿದ್ದರೆ ಸಮಾಧಾನವಿಲ್ಲ, ಕೇಳಿದರೆ ಇದ್ದ ಸಮಾಧಾನವೂ ಹೋಗುತ್ತಿತ್ತು. ಸಂದಿಯಿರುವ ಕಿಟಕಿಯಲ್ಲಿ ಗಾಳಿ ನುಸುಳಿದ ಹಾಗೆ ಸಣ್ಣಗೆ ಒಂದು ಸೀಟಿ. ಇವತ್ತು ಇದೆಯೋ ಇಲ್ಲವೋ? ಇದ್ದರೆ ನಿನ್ನೆಗಿಂತ ಹೆಚ್ಚೋ ಕಡಿಮೆಯೋ? ಚಪಾತಿ ಲಟ್ಟಿಸುವಾಗ, ಬಟ್ಟೆ ಹಿಂಡುವಾಗ, ದೇವರ ಮುಂದೆ ಕಣ್ಣು ಮುಚ್ಚಿ ನಿಂತಾಗಲೂ ಅದೇ ಪ್ರಶ್ನೆ. ಮಿಕ್ಕ ಚಿಂತೆಗಳು ಎರಡು ದಿನ ಇದ್ದು ಹೋಗುವ ನೆಂಟರ ಹಾಗೆ. ಇದು ಮಾತ್ರ ಗಂಟುಮೂಟೆ ಸಮೇತ ಬಂದು ಒಳಕೋಣೆ ಹಿಡಿದು ಕೂತಿತ್ತು.

ಅವಳು ಹುಟ್ಟಿ ಓದಿದ್ದು ಮೈಸೂರಿನಲ್ಲಿ. ಅಪ್ಪನದು ಔಷಧಿ ಅಂಗಡಿ. ಶಾಲೆ ಬಿಟ್ಟ ಮೇಲೆ ಅಂಗಡಿಯ ಸ್ಟೂಲಿನ ಮೇಲೆ ಕೂತು, ಮಾತ್ರೆ ಡಬ್ಬಿಗಳೊಳಗಿನ ಮಡಚಿದ ಕಾಗದಗಳನ್ನು ಕಥೆಪುಸ್ತಕದ ಹಾಗೆ ಓದುತ್ತಿದ್ದಳು. ಯಾವುದಕ್ಕೆ ತಲೆ ಸುತ್ತುತ್ತದೆ, ಯಾವುದಕ್ಕೆ ಮೈಮೇಲೆ ದದ್ದು ಏಳುತ್ತದೆ ಎಂಬುದು ಎಳೆ ವಯಸ್ಸಿಗೇ ಬಾಯಿಪಾಠ. “ಈ ಹುಡುಗಿಗೆ ಕಾಯಿಲೆಗಿಂತ ಮುಂಚೆ ಅದರ ಹೆದರಿಕೆ ಬರುತ್ತೆ” ಎಂದು ಅಪ್ಪ ಗಿರಾಕಿಗಳ ಮುಂದೆ ನಗುತ್ತಿದ್ದರು. ಮದುವೆಯಾದದ್ದು ಹಿರಿಯೂರು ತಾಲ್ಲೂಕು ಹರಿಯಬ್ಬೆಯ ಗುರುರಾಜ್‌ನನ್ನು. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವ ಕಂಪನಿಯಲ್ಲಿ ಅವನ ಕೆಲಸ. ಊರವರು ಅವನನ್ನು ಕರೆಯುವುದೇ ಫ್ಯಾನಿನ ಗುರು ಎಂದು. ಮೊದಲು ಗದಗದಲ್ಲಿದ್ದರು. ಮಗಳು ಚಿನ್ಮಯಿ ಹುಟ್ಟಿದ್ದು ಅಲ್ಲೇ, ಮೊದಲ ಚಳಿಗಾಲಕ್ಕೇ ಅವಳ ಎದೆಯಲ್ಲಿ ಆ ಸೀಟಿ ಕೇಳಿಸಿದ್ದೂ ಅಲ್ಲೇ. ಮಗುವಿಗೆ ನಾಲ್ಕು ತುಂಬುವ ಹೊತ್ತಿಗೆ ಗುರುರಾಜ್‌ಗೆ ದುರ್ಗದ ಕಡೆಗೆ ವರ್ಗವಾಯಿತು.

ವರ್ಗವೆಂದರೆ ಒಂದು ಊರಿಗಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕೂ ಕಡೆಯ ಗುಡ್ಡಗಳು ಅವನ ಪಾಲಿಗೆ. ಬೆಳಿಗ್ಗೆ ಜೀಪು ಎಲ್ಲಿಗೆ ಹೇಳಿದರೆ ಅಲ್ಲಿಗೆ ಬರುತ್ತದೆ. “ಎಲ್ಲಿ ಬೇಕಾದ್ರೂ ಮನೆ ಮಾಡು. ನೀನೇ ಆರಿಸು, ಆಮೇಲೆ ನನ್ನ ಬೈಬ್ಯಾಡ” ಎಂದುಬಿಟ್ಟ ಗುರುರಾಜ್.

ಅತ್ತೆ ಕೊಟ್ರಮ್ಮನಿಗೆ ಇದು ಆರಿಸುವ ವಿಷಯವೇ ಅಲ್ಲ. “ಆರಿಸೋದೇನೈತೆ? ಹರಿಯಬ್ಬೆಗೆ ಬರ್ರಿ. ಮನೆ ಐತೆ, ಹಿತ್ಲು ಐತೆ, ನಾನಿದೀನಿ.”

“ಅಲ್ಲಿ ಮಕ್ಕಳ ಡಾಕ್ಟರ್ ಇದಾರಾ ಅತ್ತೆ?”

“ಡಾಕ್ಟ್ರೂ ಇಲ್ಲ, ಕಾಯ್ಲೆನೂ ಇಲ್ಲ. ಡಾಕ್ಟ್ರು ಬಂದ್ ಮ್ಯಾಗೆ ಕಾಯ್ಲೆ ಬರೋದು.”

ರಂಜಿತಾ ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಏರಿಯಾ ನೋಡಲು ಹೊರಟಳು. ಹಿರಿಯೂರಿನ ಮನೆ ಬೆಳಕಾಗಿತ್ತು, ಆದರೆ ಟೆರೇಸಿಗೆ ಹತ್ತಿದರೆ ಹೈವೇ ಕಾಣುತ್ತಿತ್ತು. ಗೇಟಿನ ಚಿಲಕ ಮಗುವಿನ ಕೈಗೆಟುಕುವಷ್ಟು ಕೆಳಗಿತ್ತು. ಹೊಳಲ್ಕೆರೆಯ ಮನೆಗೆ ಹೋಗುವ ದಾರಿಯಲ್ಲಿ ರೈಲ್ವೆ ಗೇಟು. ಮಗುವಿಗೆ ಉಸಿರು ಕಟ್ಟಿದ ಹೊತ್ತಿಗೇ ಗೇಟು ಬಿದ್ದಿದ್ದರೆ? ಹೊಸದುರ್ಗದಲ್ಲಿ ಎಲ್ಲವೂ ಸರಿಯಿತ್ತು. ಅಡ್ವಾನ್ಸ್ ಕೊಡುವ ಮಾತಾಡುವಾಗ ಎದುರು ಮನೆಯ ಮಹಡಿಯಿಂದ ಪಾರಿವಾಳಗಳು ಪಟಪಟ ಎದ್ದವು. ಪಾರಿವಾಳದ ಹಿಕ್ಕೆ ಎದೆಗೆ ಆಗದು ಎಂದು ಅವಳು ಎಲ್ಲೋ ಓದಿದ್ದಳು. ಅಲ್ಲಿಂದಲೂ ವಾಪಸ್.

“ಹೆಣ್ಣು ನೋಡಾಕೆ ನಾನು ಹೋಗಿದ್ದು ಒಂದೇ ಮನೆಗೆ” ಎಂದ ಗುರುರಾಜ್. “ಬಾಡಿಗೆ ಮನೆ ನೋಡಾಕೆ ಮೂರು ತಾಲ್ಲೂಕು ತಿರುಗಿಸಿದ್ಯಲ್ಲೇ!”

“ಹೆಣ್ಣನ್ನೂ ಸ್ವಲ್ಪ ತಿರುಗಾಡಿ ನೋಡಿದ್ರೆ ಚೆನ್ನಾಗಿರ್ತಿತ್ತೇನೋ, ಅಲ್ವಾ?” ಎಂದಳು ಅವಳು. ಅವನು ನಕ್ಕ.

ಕೊನೆಗೆ ಸಿಕ್ಕಿದ್ದು ದುರ್ಗದ ಅಂಚಿನ ಕಾಟಲಿಂಗಪ್ಪ ಬಡಾವಣೆ. ಕಾಟಲಿಂಗಪ್ಪ ಎಂಬ ರೈತ ಹೊಲವನ್ನು ಸೈಟು ಮಾಡಿ ಮಾರಿದ್ದರಿಂದ ಆ ಹೆಸರು. ಮಕ್ಕಳ ಡಾಕ್ಟರ ಕ್ಲಿನಿಕ್ಕಿಗೆ ನಡೆದೇ ಹೋಗಬಹುದು, ಶಾಲೆಗೆ ರಸ್ತೆ ದಾಟಬೇಕಿಲ್ಲ, ಚರಂಡಿಗೆ ಚಪ್ಪಡಿ ಮುಚ್ಚಿದೆ. ಗೋಡೆಗೆ ಹೊಸ ಬಣ್ಣ. ಟೆರೇಸಿನಿಂದ ಕೋಟೆಯ ಬಂಡೆಗಳು ಕಾಣುತ್ತಿದ್ದವು. ಮಾಲೀಕ ಜಂಪಣ್ಣ ಹಣೆ ತುಂಬ ವಿಭೂತಿ ಹಚ್ಚಿದ, ಎಣ್ಣೆ ವ್ಯಾಪಾರವನ್ನು ಮಗನಿಗೆ ಬಿಟ್ಟುಕೊಟ್ಟು ಕೂತ ಆಸಾಮಿ. ಗುರುರಾಜ್‌ನ ಮಠ ಯಾವುದೆಂದು ಕೇಳಿ, ಉತ್ತರ ಸರಿಹೋದ ಮೇಲೆ ಬೀಗದ ಕೈ ತೆಗೆದ.

ಮನೆ ನೋಡಿದ್ದು ಶುಕ್ರವಾರ. ಹೊಸ ಮನೆಯ ಹೊಸ್ತಿಲು ತುಳಿಯುವುದಾದರೆ ಶುಕ್ರವಾರವೇ ತುಳಿಯಬೇಕು, ಮಂಗಳವಾರ ಶನಿವಾರ ಆ ದಿಕ್ಕಿಗೂ ತಲೆ ಹಾಕಬಾರದು ಎಂದು ಕೊಟ್ರಮ್ಮ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದಳು. ಗುರುರಾಜ್‌ನ ವಾರದ ರಜೆಯೂ ಶುಕ್ರವಾರವೇ. ಜಂಪಣ್ಣ ಕೂಡ, “ಶುಕ್ರವಾರ ಬರ್ರಿ ತಾಯಿ, ಲಕ್ಷ್ಮಿ ದಿನ” ಎಂದಿದ್ದ. ರಂಜಿತಾ ಒಮ್ಮೆ ನೋಡಿ ಒಪ್ಪುವವಳಲ್ಲ. ಒಂದು ಶುಕ್ರವಾರ ಬೆಳಿಗ್ಗೆ ಹೋದಳು, ಇನ್ನೊಂದು ಶುಕ್ರವಾರ ಉರಿ ಮಧ್ಯಾಹ್ನ, ಮತ್ತೊಂದು ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ. ಪ್ರತಿ ಕಿಟಕಿ ತೆಗೆದು ಮೂಗಿಟ್ಟು ಗಾಳಿ ಎಳೆದುಕೊಂಡಳು. ಹಿಂದಿನ ಗೋಡೆಯಾಚೆ ಹಂಚಿನ ಸಾಲು ಶೆಡ್ಡುಗಳು, ಬಾಗಿಲಲ್ಲಿ ಒಬ್ಬ ಮುದುಕಿ ತಲೆಗೆ ಸೆರಗು ಹೊದ್ದು ಕೂತಿದ್ದಳು.

“ಅದೇನು ಶೆಡ್ಡು?”

“ಮಂಡಕ್ಕಿ ಗೋಡೌನು ತಾಯಿ. ಚೀಲ ಇಟ್ಕಂತಾರೆ. ಇಲಿ ಬಿಟ್ರೆ ಬೇರೆ ಯಾರ ಕಾಟನೂ ಇಲ್ಲ.”

ಗರಿಗರಿ ಮಂಡಕ್ಕಿಯ ತೆಳುವಾದ ವಾಸನೆ ಬರುತ್ತಿತ್ತು. ಅದು ಅವಳಿಗೆ ಹಿತವೆನಿಸಿತು. ನಾಲ್ಕು ಊರು ಸುತ್ತಿದ ಮೇಲೆ ಸಿಕ್ಕ ಜಾಗ, ತಾನೇ ಆರಿಸಿದ್ದು. ಅವಳಿಗೆ ಒಳಗೊಳಗೇ ಹೆಮ್ಮೆ.

ಹಾಲು ಉಕ್ಕಿಸಿದ್ದೂ ಶುಕ್ರವಾರವೇ. ಕೊಟ್ರಮ್ಮ ಹರಿಯಬ್ಬೆಯಿಂದ ಬಂದು, ಪಾತ್ರೆಗೆ ಅರಿಶಿನದ ಕೊಂಬು ಕಟ್ಟಿ, ಹಾಲು ಮೂಡಣಕ್ಕೆ ಉಕ್ಕಿದ್ದು ಕಂಡು ಸೊಸೆಯ ಗಲ್ಲ ಸವರಿದಳು. “ಹುಡುಕಿದ್ರೂ ಒಳ್ಳೇದೇ ಹುಡುಕಿದೀಯ ಬಿಡವ್ವ.”

ಮರುದಿನ ಬೆಳಕು ಹರಿಯುವಾಗ ರಂಜಿತಾಗೆ ಎಚ್ಚರವಾದದ್ದು ವಾಸನೆಗೆ. ರಬ್ಬರ್ ಸುಟ್ಟ, ಗಂಟಲು ಕೆರೆಯುವ ವಾಸನೆ. ಯಾರೋ ಕಸಕ್ಕೆ ಬೆಂಕಿ ಹಚ್ಚಿರಬೇಕೆಂದು ಕಿಟಕಿ ಮುಚ್ಚಿದಳು. ಭಾನುವಾರವೂ ಬಂತು. ಸೋಮವಾರ ಒಣಹಾಕಿದ ಮಗಳ ಬಿಳಿ ಅಂಗಿಯ ಮೇಲೆ ಕರಿ ಕಣಗಳು ಕೂತಿದ್ದವು. ಒರೆಸಲು ಹೋದರೆ ಕಾಡಿಗೆಯ ಹಾಗೆ ಎಳೆದುಕೊಂಡವು.

“ಹೊಸ ಪೇಂಟಿನ ವಾಸ್ನೆ ಇರಬೇಕು ಬಿಡೇ” ಎಂದ ಗುರುರಾಜ್.

“ಪೇಂಟಿಗೆ ಮಸಿ ಉದುರುತ್ತೇನ್ರೀ?”

“ಗದಗದಲ್ಲಿ ಪಕ್ಕದ ಮನೆ ಒಗ್ಗರಣೆ ಅಂದೆ. ಹೊಸದುರ್ಗದಲ್ಲಿ ಪಾರಿವಾಳ ಅಂದೆ. ಈ ಮನೆ ನೀನೇ ಆರಿಸಿದ್ದು ರಂಜು. ಇಲ್ಲೂ ಶುರು ಮಾಡ್ಬ್ಯಾಡ.”

ಅವನ ಮಾತಿನಲ್ಲಿ ತಪ್ಪೇನಿತ್ತು? ಪ್ರತಿಯೊಂದಕ್ಕೂ ಹೆದರಿ ಹೆದರಿ, ನಿಜವಾಗಿ ಹೆದರಬೇಕಾದಾಗ ನಂಬುವವರೇ ಇಲ್ಲದ ಹಾಗೆ ಮಾಡಿಕೊಂಡಿದ್ದಳು. ಟವಲನ್ನು ಒದ್ದೆ ಮಾಡಿ ಕಿಟಕಿ ಸಂದಿಗೆ ತುರುಕಿದಳು. ಆ ವಾರ ಕಳೆಯುವುದರೊಳಗೆ ಚಿನ್ಮಯಿಯ ಎದೆಗೆ ಕಿವಿಯಿಡುವ ಅಗತ್ಯವೇ ಉಳಿಯಲಿಲ್ಲ. ಸೀಟಿ ಅಡುಗೆಮನೆಗೂ ಕೇಳಿಸುತ್ತಿತ್ತು.

ಕ್ಲಿನಿಕ್ಕಿನಲ್ಲಿ ಮಗುವಿನ ಮುಖಕ್ಕೆ ನೆಬ್ಯುಲೈಸರ್ ಮುಖವಾಡ ಹಿಡಿದು ಕೂತಾಗ ಡಾಕ್ಟರು ಬರೆಯುತ್ತಾ ಕೇಳಿದರು, “ಮನೆ ಎಲ್ಲಿ?”

“ಕಾಟಲಿಂಗಪ್ಪ ಬಡಾವಣೆ.”

ಪೆನ್ನು ನಿಂತಿತು. “ಮುಂದಿನ ಸಾಲೋ, ಹಿಂದಿನ ಸಾಲೋ?”

“ಹಿಂದಿನ ಸಾಲು.”

ಡಾಕ್ಟರು ಮತ್ತೇನೂ ಕೇಳದೆ ಬರೆದು ಮುಗಿಸಿದರು. “ಆಗೋದಾದ್ರೆ ಮನೆ ಬದಲಾಯಿಸಿ” ಎಂದರು. ಔಷಧಿಯನ್ನು ಊಟದ ನಂತರ ಕೊಡಿ ಎನ್ನುವ ದನಿಯಲ್ಲೇ ಅದನ್ನೂ ಹೇಳಿದರು.

ಮನೆಗೆ ಬಂದು ಮಗಳನ್ನು ಮಲಗಿಸಿ, ಬೀಗ ಹಾಕಿ, ರಂಜಿತಾ ಗೋಡೆ ಸುತ್ತಿಕೊಂಡು ಹಿಂದಿನ ಶೆಡ್ಡಿಗೆ ಹೋದಳು. ಗೋಡೌನಲ್ಲ, ಭಟ್ಟಿ. ನೆಲದೊಳಗೆ ಇಳಿಸಿದ ಒಲೆ, ಮೇಲೆ ದೊಡ್ಡ ಬಾಣಲೆ, ಕಾದ ಮರಳಿನಲ್ಲಿ ಅಕ್ಕಿ ಹಾರಿ ಹಾರಿ ಅರಳುತ್ತಿತ್ತು. ಒಲೆಯ ಬಾಯಿಗೆ ಒಬ್ಬ ಭತ್ತದ ಹೊಟ್ಟು ಸುರಿಯುತ್ತಿದ್ದ, ಹೊಟ್ಟು ಹಿಡಿಯದಿದ್ದಾಗ ಹಳೆ ಟೈರಿನ ತುಂಡು ನೂಕುತ್ತಿದ್ದ. ಮೂಲೆಯಲ್ಲಿ ಅದೇ ಮುದುಕಿ ಜರಡಿ ಹಿಡಿದು ಮಂಡಕ್ಕಿಯಿಂದ ಮರಳು ಉದುರಿಸುತ್ತಿದ್ದಳು. ಪ್ಯಾರಿ ಬೀ ಎಂದು ಯಾರೋ ಕೂಗಿದ್ದರಿಂದ ಹೆಸರು ತಿಳಿಯಿತು.

“ಬಾ ಬೇಟಿ, ಕುಂತ್ಕ. ಬಿಸಿ ಮಂಡಕ್ಕಿ ತಿಂತೀಯಾ?”

“ಇದನ್ನ ದಿನಾ ಉರಿಸ್ತೀರಾ?”

“ದಿನಾ ಎಲ್ಲಿ? ಜುಮ್ಮಾ ದಿನ ರಜಾ. ಅವತ್ತು ಒಲೆನೂ ತಣ್ಣಗೆ, ನಾವೂ ತಣ್ಣಗೆ.”

ರಂಜಿತಾ ಅಲ್ಲೇ ಚೀಲದ ಮೇಲೆ ಕೂತಳು. ಅತ್ತೆಯ ಲಕ್ಷ್ಮಿಯ ದಿನ, ಗಂಡನ ರಜೆಯ ದಿನ, ಇವರ ನಮಾಜಿನ ದಿನ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಅಷ್ಟು ಎಚ್ಚರದಿಂದ ಅವಳು ಪರೀಕ್ಷೆ ಮಾಡಿದ್ದು ಇಡೀ ವಾರದಲ್ಲಿ ಹೊಗೆಯಿಲ್ಲದ ಆ ಒಂದೇ ದಿನವನ್ನು.

“ನಾನು ಮನೆ ನೋಡೋಕೆ ಬಂದಾಗ ನೀವು ಇಲ್ಲೇ ಬಾಗಿಲಲ್ಲಿ ಕೂತಿದ್ರಿ. ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ? ನಿನ್ನಂಗೆ ಓದಿದೋರೇ ಮುಂಚೆ ಇದ್ರು. ಕಂಪ್ಲೇಂಟ್ ಕೊಟ್ರು. ಆಫೀಸರು ಬಂದ್ರು, ಎರಡು ವಾರ ಭಟ್ಟಿ ಬಂದ್. ಆ ಎರಡು ವಾರ ನಾವು ಏನು ತಿಂದ್ವಿ ಹೇಳು? ಮಂಡಕ್ಕಿನೇ.” ತನ್ನ ಮಾತಿಗೆ ತಾನೇ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. “ನನಗೂ ಐತೆ ನಿನ್ನ ಮಗಳ ಸೀಟಿ. ಎದ್ಯಾಗೆ ಕುಕ್ಕರ್ ಇಟ್ಟಂಗೆ. ಗ್ವಾಡೆ ಈಚೆಗೆ ಕೇಳ್ತೈತೆ ನಂಗೆ, ಪಾಪ.”

“ಮತ್ತೆ ಅವರು ಎಲ್ಲಿ ಹೋದ್ರು, ಮುಂಚೆ ಇದ್ದವರು?”

“ಹೋದ್ರು. ಜಂಪಣ್ಣ ಗ್ವಾಡೆಗೆ ಬಣ್ಣ ಹೊಡೆಸಿದ. ನೀನು ಬಂದೆ.”

ಆ ರಾತ್ರಿ ಅವಳು ಎಲ್ಲವನ್ನೂ ಗುರುರಾಜ್‌ಗೆ ಹೇಳಿದಳು. ಬೆಳಿಗ್ಗೆ ತಾನೇ ಹೋಗಿ ಶೆಡ್ಡು ನೋಡಿಕೊಂಡು ಬಂದ, ಮುಖ ತೊಳೆದುಕೊಂಡ, ಜೀಪಿನವನಿಗೆ ಇವತ್ತು ಬರುವುದಿಲ್ಲ ಎಂದ. ತಾಯಿಮಗಳನ್ನು ಹರಿಯಬ್ಬೆಗೆ ಬಿಟ್ಟು ಬಂದ. ಅಲ್ಲಿಯ ಗಾಳಿ ಒಳ್ಳೆಯದೇ, ಸೀಟಿ ಇಳಿದದ್ದೂ ಹೌದು. ಆದರೆ ಒಳಗೆ ಸೇರಿದ್ದು ಸುಮ್ಮನೆ ಹೋಗುವುದಿಲ್ಲವೇನೋ. ಒಂದು ಮಧ್ಯಾಹ್ನ ಹಿತ್ತಲಲ್ಲಿ ಆಡುತ್ತಿದ್ದ ಮಗು ಹಠಾತ್ತನೆ ಪಕ್ಕೆ ಒಳಗೆಳೆದುಕೊಂಡು ಉಸಿರಿಗೆ ಒದ್ದಾಡಿತು. ಆಟೋ ಸಿಕ್ಕಿ ಹಿರಿಯೂರು ಮುಟ್ಟುವ ಹೊತ್ತಿಗೆ ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಗಿತ್ತು. ದಾರಿಯುದ್ದಕ್ಕೂ ಕೊಟ್ರಮ್ಮ ಮೊಮ್ಮಗಳ ಪಾದ ತಿಕ್ಕುತ್ತಾ ಕೂತಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಸೊಸೆಯ ಮುಖ ನೋಡದೆ ಹೇಳಿದಳು, “ಡಾಕ್ಟ್ರು ಇರೋ ಕಡೆನೇ ಇರ್ರಿ. ಆ ಮನೆ ಬಿಟ್ಟು ಬೇರೆ ನೋಡ್ರಿ. ಯಾವ ದಿನ ಅಂತ ನನ್ನ ಕೇಳ್ಬ್ಯಾಡ್ರಿ.”

ಬೇರೆ ಮನೆ ಸಿಗುವವರೆಗೆ ಡಾಕ್ಟರಿಗೆ ಹತ್ತಿರವಿರಲೆಂದು ತಾಯಿ ಮಗಳು ಮತ್ತೆ ಜಂಪಣ್ಣನ ಮನೆಗೇ ಬಂದರು. ಈ ಸಲ ರಂಜಿತಾ ಮನೆ ನೋಡಿದ್ದು ಸೋಮವಾರ, ಬುಧವಾರ, ಒಮ್ಮೆ ಹೇಳದೇ ಕೇಳದೇ ಮುಂಜಾನೆ. ಜೋಗಿಮಟ್ಟಿ ರಸ್ತೆಯ ಕಡೆ ಶಿವಗಂಗಾ ಎಂಬ ನಿವೃತ್ತ ಟೀಚರ ಮಹಡಿ ಮನೆ. ಗುಡ್ಡದ ಕಾಡಿನಿಂದ ಇಳಿಯುವ ಗಾಳಿ ಕಿಟಕಿಯಲ್ಲಿ ಹಾದು ಹೋಗುತ್ತಿತ್ತು. ಶಿವಗಂಗಾ ಮೇಡಂ ಬಾಗಿಲು ಪೂರ್ತಿ ತೆಗೆಯುವ ಮುಂಚೆ ಕೇಳಿದ್ದು, “ನೀವು ಯಾವ ಜನ?” ಗುರುರಾಜ್ ಹೇಳಿದ. ಬಾಗಿಲು ತೆರೆಯಿತು, ಕಾಫಿ ಬಂತು. ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಕೇಳುವವರು ಬೇರೆ ಇದ್ದಾರೆ ಎಂದರು.

ಉಳಿದದ್ದು ಜಂಪಣ್ಣ.

“ನೀವು ಗೋಡೌನ್ ಅಂದ್ರಿ” ಎಂದಳು ರಂಜಿತಾ.

“ಶುಕ್ರವಾರ ಗೋಡೌನೇ ಅಲ್ವೇನ್ರಿ ಅದು?” ಜಂಪಣ್ಣ ಎಲೆಗೆ ಸುಣ್ಣ ಸವರುತ್ತಿದ್ದ. “ಬಿಡ್ತೀನಿ ಅಂದ್ರೆ ಬಿಡ್ರಿ ತಾಯಿ, ನಾನೇನು ಕಟ್ಟಿ ಹಾಕಿದೀನಾ? ಕರಾರು ವರ್ಷದ್ದು. ನಡುವೆ ಹೋಗೋರು ತಮ್ಮ ಜಾಗಕ್ಕೆ ಒಬ್ಬರನ್ನ ತಂದು ಕುಂದ್ರಿಸಿ ಹೋಗ್ಬೇಕು. ಊರಾಗೆ ಇರೋದೇ ಹಂಗೆ. ಅವರ ಅಡ್ವಾನ್ಸ್ ನಿಮ್ಮ ಕೈಗೆ, ಅವರ ಸಾಮಾನು ನಮ್ಮ ಮನೆಗೆ.”

“ಯಾರು ಬರ್ತಾರೆ ಈ ಹೊಗೆಗೆ?”

“ನೀವು ಬರಲಿಲ್ವಾ?” ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡ. “ಶುಕ್ರವಾರ ಕರೆಸ್ರಿ.”

ಆ ಅಡ್ವಾನ್ಸ್ ಕೈಗೆ ಬರದೆ ಜೋಗಿಮಟ್ಟಿ ರಸ್ತೆಯ ಮನೆ ಹಿಡಿಯುವ ಹಾಗಿರಲಿಲ್ಲ. ಗುರುರಾಜ್ ಗೊತ್ತಿರುವವರಿಗೆಲ್ಲ ಹೇಳಿಟ್ಟ. ಕೊನೆಗೆ ಕಂಪನಿಯ ಜೀಪು ರಿಪೇರಿ ಮಾಡುವ ಅಸದ್ ಆಸಕ್ತಿ ತೋರಿಸಿದ. ಹೊಸದುರ್ಗದ ಹುಡುಗ, ದುರ್ಗದಲ್ಲಿ ಸ್ವಂತ ಗ್ಯಾರೇಜ್ ತೆಗೆಯುವ ಯೋಚನೆಯಲ್ಲಿದ್ದ. “ಜುಮ್ಮಾ ಮುಗಿಸ್ಕಂಡು ಬರ್ತೀವಿ ಸರ್, ಮಿಸೆಸ್ಸನ್ನೂ ಕರ್ಕಂಡು” ಎಂದ. ಯಾರೂ ಹೇಳಿಕೊಡಬೇಕಾಗಿಯೇ ಇರಲಿಲ್ಲ, ಅವರೂ ಶುಕ್ರವಾರಕ್ಕೇ ಬಂದರು.

ಅಸದ್‌ನ ಹೆಂಡತಿ ಮಹ್ವಿಶ್ ಇನ್ನೂ ಹುಡುಗಿಯ ಹಾಗಿದ್ದಳು. ಎದೆಗವಚಿಕೊಂಡ ಮಗು ಮೂರೋ ನಾಲ್ಕೋ ತಿಂಗಳದ್ದು, ಹಣೆಯ ಮೂಲೆಗೆ ದೃಷ್ಟಿಬೊಟ್ಟು. ಕೋಣೆ ಕೋಣೆ ತಿರುಗಿ ಅವಳು ಹಿಗ್ಗಿದಳು. ಅಡುಗೆಮನೆಯ ಕಟ್ಟೆ ಸವರಿ ನೋಡಿದಳು. ನಲ್ಲಿ ತಿರುಗಿಸಿ ನೀರು ಬಿಟ್ಟು ನಿಲ್ಲಿಸಿದಳು. ರಂಜಿತಾ ಹಿಂದಿನ ದಿನವಿಡೀ ಗೋಡೆಯ ಮಸಿ ಒರೆಸಿ, ಕಿಟಕಿ ಸಂದಿಯ ಟವಲು ತೆಗೆದಿಟ್ಟಿದ್ದಳು. ಒರೆಸುವಾಗ ಏನನ್ನೂ ಯೋಚಿಸದಿರಲು ಯತ್ನಿಸಿದ್ದಳು.

“ಮನೆ ಮಾಲೀಕರು ಒಳ್ಳೇರು ಅಕ್ಕ” ಎಂದಳು ಮಹ್ವಿಶ್ ತಗ್ಗಿದ ದನಿಯಲ್ಲಿ. “ಹೆಸರು ಕೇಳಿದ ಮ್ಯಾಲೂ ಮುಖ ಹಂಗೇ ಇತ್ತು.”

ರಂಜಿತಾ ಆ ಮಾತಿಗೆ ಕಿವಿ ಕೊಡಲಿಲ್ಲ. ಅವಳ ಗಮನವೆಲ್ಲ ಹಿಂಬಾಗಿಲ ಹತ್ತಿರ ನಿಂತ ಅಸದ್‌ನ ಮೇಲಿತ್ತು.

“ಹಿಂದೆ ಅದೇನಕ್ಕ, ಶೆಡ್ಡು?” ಎಂದ ಅವನು.

ಜಂಪಣ್ಣ ಹೇಳಲಿ ಎಂದು ಕಾದಳು. ಜಂಪಣ್ಣ ಎಲೆ ಅಗಿಯುತ್ತಾ ಇವಳನ್ನೇ ನೋಡುತ್ತಿದ್ದ.

“ಮಂಡಕ್ಕಿ ಗೋಡೌನ್” ಎಂದಳು ರಂಜಿತಾ.

ಮಹ್ವಿಶ್ ಹತ್ತಿರ ಬಂದು ಅವಳ ತೋಳು ಮುಟ್ಟಿದಳು. “ಅವರು ಗಂಡಸ್ರು, ಅವರಿಗೆ ಗ್ಯಾರೇಜ್ ಹತ್ರ ಆದ್ರೆ ಸಾಕು. ನೀವೂ ಒಂದು ಮಗು ತಾಯಿ. ನೀವು ಹೇಳ್ರಿ ಅಕ್ಕ, ಪಾಪು ಇಟ್ಕಂಡು ಇರಬಹುದಾ ಇಲ್ಲಿ?”

“ಇರಬಹುದು.”

“ಮತ್ತೆ ನೀವ್ಯಾಕೆ ಬಿಡ್ತಿದೀರಿ ಇಷ್ಟು ಚೆಂದ ಮನೆ?”

“ಇವರಿಗೆ ಡ್ಯೂಟಿ ಆ ಕಡೆ ಆಯ್ತು.” ಯಾವ ತಡವರಿಕೆಯೂ ಇಲ್ಲದೆ ಬಂತು ಮಾತು. ಒಳಕೋಣೆಯಲ್ಲಿ ಚಿನ್ಮಯಿ ಕೆಮ್ಮಿದಳು. “ನೆಗಡಿ” ಎಂದು ಕೇಳದಿದ್ದರೂ ಸೇರಿಸಿದಳು.

ಅವರು ಹೋದ ಮೇಲೆ ಗುರುರಾಜ್ ಅಟ್ಟದಿಂದ ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿದ. ಮುಂದಿನ ಶುಕ್ರವಾರ ಅವರು ಸಾಮಾನು ತರುತ್ತಾರೆ, ಗುರುವಾರವೇ ನಾವು ಖಾಲಿ ಮಾಡಬೇಕು ಎಂದ. ರಂಜಿತಾ ಪಾತ್ರೆಗಳಿಗೆ ಪೇಪರು ಸುತ್ತುತ್ತಾ ಕೂತಳು.

“ರೀ, ಆ ಮಗು...”

“ಯೋಚ್ನೆ ಮಾಡ್ಬ್ಯಾಡ.”

“ನಮ್ಮ ಚಿನ್ಮಯಿಗೆ ನಾಲ್ಕು ವರ್ಷ. ಅದಕ್ಕೆ ಇನ್ನೂ ಕತ್ತು ನಿಂತಿಲ್ಲ.”

ಅವನು ಪೆಟ್ಟಿಗೆಗೆ ಟೇಪು ಅಂಟಿಸಿದ. “ಆಗಲಿಲ್ಲ ಅಂದ್ರೆ ಅವರೂ ಇನ್ನೊಬ್ಬರನ್ನ ತಂದು ಕುಂದ್ರಿಸಿ ಹೋಗ್ತಾರೆ ರಂಜು. ನಮಗಿಂತ ಮುಂಚೆ ಇದ್ದೋರು ಏನು ಮಾಡಿದ್ರು? ನಮಗೆ ಯಾರಾದ್ರೂ ಹೇಳಿದ್ರಾ? ನಿನ್ನ ಮಗಳನ್ನ ನೋಡು ಮೊದಲು.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಹಿರಿಯೂರು ಆಸ್ಪತ್ರೆಗೆ ಅವನು ಗುಡ್ಡ ಇಳಿದು ಓಡಿ ಬಂದಿದ್ದ. ಅಂದಿನಿಂದ ಆ ಹೆದರಿಕೆ ಅವನಿಗೂ ಅಂಟಿತ್ತು.

ಸೋಮವಾರ ಬೆಳಿಗ್ಗೆ ಭಟ್ಟಿಯ ಹೊಗೆ ದಪ್ಪಗಿತ್ತು. ಗುರುರಾಜ್ ಕೆಲಸಕ್ಕೆ ಹೋಗಿದ್ದ. ಮುಂದಿನ ಕೋಣೆಯಲ್ಲಿ ಚಿನ್ಮಯಿ ಗೋಡೆಗೊರಗಿ, ಭುಜ ಎತ್ತಿ ಎತ್ತಿ ಉಸಿರಾಡುತ್ತಾ ಪೆಟ್ಟಿಗೆಯ ಮೇಲೆ ಚಿತ್ರ ಬರೆಯುತ್ತಿದ್ದಳು. ಫೋನಿಗೆ ಮಹ್ವಿಶ್‌ಳ ವಾಯ್ಸ್ ಮೆಸೇಜು ಬಂತು.

“ಅಕ್ಕ, ನಮಸ್ಕಾರ. ಒಂದು ಕೇಳೋದಿತ್ತು. ಹಿಂದಿನ ರೂಮಲ್ಲಿ ಮ್ಯಾಲೆ ಕೊಂಡಿ ಐತಾ, ತೊಟ್ಟಿಲು ಕಟ್ಟಾಕೆ? ಅವತ್ತು ನೋಡೋದು ಮರ್ತೆ. ನಮ್ಮ ಅಮ್ಮಿ ತೊಟ್ಟಿಲು ಕೊಟ್ಟು ಕಳಿಸ್ತಾವ್ರೆ. ಆ ರೂಮು ತಣ್ಣಗೆ ಐತೆ ನೋಡ್ರಿ, ಪಾಪು ಚೆನ್ನಾಗಿ ಮಲಗ್ತೈತೆ.”

ಹಿಂದಿನ ಕೋಣೆ. ಹೊಗೆ ಮೊದಲು ನುಗ್ಗುವುದೇ ಅಲ್ಲಿಗೆ. ರಂಜಿತಾ ಎದ್ದು ಹೋಗಿ ನೋಡಿದಳು. ಕೊಂಡಿ ಇತ್ತು. ಸೂರಿಗೆ ಬಲವಾಗಿ ಬಡಿದ ಕಬ್ಬಿಣದ ಕೊಂಡಿ, ಹಗ್ಗ ಉಜ್ಜಿ ಉಜ್ಜಿ ಹೊಳಪು ಬಂದಿತ್ತು. ಇಷ್ಟು ದಿನ ಆ ಕೋಣೆಯಲ್ಲಿ ಬಟ್ಟೆ ಒಣಹಾಕಿದ್ದಳು, ಅದನ್ನು ಗಮನಿಸಿರಲಿಲ್ಲ.

‘ಇದೆ’ ಎಂದು ಬರೆದರೆ ಮುಗಿಯಿತು. ಬರೆದಳು. ಕಳಿಸದೆ ಅಳಿಸಿದಳು. ಮುಂದಿನ ಕೋಣೆಯಿಂದ ಮಗಳ ಉಸಿರಾಟ ಕೇಳುತ್ತಿತ್ತು. ಹೇಳಿದರೆ ಆಗುವುದೇನೆಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಅಸದ್ ಬರುವುದಿಲ್ಲ. ಜಂಪಣ್ಣ ಬಿಡುವುದಿಲ್ಲ. ಶಿವಗಂಗಾ ಮೇಡಂ ತಿಂಗಳು ಮುಗಿದ ಮೇಲೆ ಕಾಯುವುದಿಲ್ಲ. ಈ ಹೊಗೆಯಲ್ಲಿ ಚಿನ್ಮಯಿಗೆ ಇನ್ನೆಷ್ಟು ದಿನವೋ, ಮತ್ತೊಮ್ಮೆ ತುಟಿಗೆ ಆ ಬಣ್ಣ ಬಂದರೆ ಕ್ಲಿನಿಕ್ ತೆರೆದಿರುತ್ತದೋ ಇಲ್ಲವೋ. ಗಂಡನಿಗೆ ಏನೆಂದು ಉತ್ತರ ಹೇಳುವುದು? ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಮಗಳ ಬಾಯಿಗೆ ಉಸಿರಿನ ಔಷಧಿಯ ಪಂಪು ಹೊಡೆದು, ಬೆನ್ನು ಸವರಿ, ನೀರು ಕುಡಿಸಿದಳು. ಮಗು ಅವಳ ಎದೆಗೊರಗಿತು. ಪುಟ್ಟ ಬೆನ್ನಿನೊಳಗೆ ಸೀಟಿ ಏಳುವುದು, ಬೀಳುವುದು ಅಂಗೈಗೆ ತಾಗುತ್ತಿತ್ತು. ತೂಗುತ್ತಾ ತೂಗುತ್ತಾ ಕೂತಾಗ ಕೈಯ ಕೆಳಗೆ ಇರುವ ಬೆನ್ನು ಇನ್ನೂ ಚಿಕ್ಕದಾದ ಹಾಗೆ, ದೃಷ್ಟಿಬೊಟ್ಟಿನ ಆ ಕೂಸಿನದಾದ ಹಾಗೆ ಅನ್ನಿಸಿತು. ಬೆಚ್ಚಿ ಕೈ ತೆಗೆದಳು.

ಮಗಳು ಮಲಗಿದ ಮೇಲೆ ಫೋನು ತಿರುಗಿಸಿ ನಂಬರು ಒತ್ತಿದಳು.

“ಹಾಂ ಹೇಳ್ರಿ ಅಕ್ಕ! ಕೊಂಡಿ ಐತಾ?”

“ಮಹ್ವಿಶ್, ಈ ಮನೆಗೆ ಬರಬೇಡಿ.”

“ಏನಕ್ಕ? ಕೇಳಿಸಲಿಲ್ಲ.”

“ಹಿಂದೆ ಇರೋದು ಗೋಡೌನಲ್ಲ, ಮಂಡಕ್ಕಿ ಭಟ್ಟಿ. ಟೈರು ಹಾಕಿ ಉರಿಸ್ತಾರೆ. ಶುಕ್ರವಾರ ಒಂದು ದಿನ ಇರಲ್ಲ, ನೀವು ಅವತ್ತು ಬಂದಿದ್ರಿ. ನಾವೂ ಹಾಗೇ ಬಂದು ಸಿಕ್ಕಿಕೊಂಡ್ವಿ. ನನ್ನ ಮಗಳಿಗೆ ಉಸಿರು ಕಟ್ಟುತ್ತೆ, ಅದಕ್ಕೇ ಬಿಡ್ತಿರೋದು. ಅವತ್ತು ಕೆಮ್ಮಿದ್ದು ನೆಗಡಿಗಲ್ಲ. ನಿಮ್ಮ ಹತ್ರ ಸುಳ್ಳು ಹೇಳಿದೆ.” ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಆ ಕಡೆ ಮಗು ಗೊಣಗಿತು.

“ನೀವೇ ಇರಬಹುದು ಅಂದ್ರಿ” ಎಂದಳು ಮಹ್ವಿಶ್.

“ಅಂದೆ.”

“ಇಲ್ಲಿ ಮನೆ ಬಿಟ್ಟುಕೊಟ್ಟಾಯ್ತು ಅಕ್ಕ. ಗ್ಯಾರೇಜಿಗೆ ಜಾಗ ಹಿಡಿದಾಯ್ತು.”

“ಬೇರೆ ಕಡೆ ನೋಡಿ. ಇನ್ನೂ ದಿನ ಇದೆ. ದುರ್ಗದಲ್ಲಿ ಮನೆಗೇನು ಬರವಾ?”

“ಎಲ್ಲಿ ನೋಡಲಿ? ನಿಮಗೆ ಎಲ್ಲಾ ಏರಿಯಾ ಗೊತ್ತು ಅಂದ್ರಲ್ಲ ಅವತ್ತು, ನೀವೇ ಹೇಳ್ರಿ. ರಂಜಾನ್ ಮುಗಿದಾಗಿಂದ ತಿರುಗ್ತಾ ಇದೀವಿ. ಬೋರ್ಡ್ ನೇತಾಡ್ತಾ ಇರ್ತೈತೆ. ಇವರು ಹೆಸರು ಹೇಳ್ತಾರೆ, ಆಗ್ಲೇ ಕೊಟ್ಟಾಯ್ತು ಅಂತಾರೆ. ನಮ್ಮೋರ ಬೀದಿಯಾಗೆ ಒಂದೂ ಖಾಲಿ ಇಲ್ಲ.”

ಬಡಾವಣೆಗಳ ಹೆಸರು ಒಂದೊಂದಾಗಿ ರಂಜಿತಾಳ ಬಾಯಿಗೆ ಬಂದವು. ಎಲ್ಲೆಲ್ಲಿ ಚರಂಡಿ ಮುಚ್ಚಿದೆ, ಎಲ್ಲಿ ಗಾಳಿ ಒಳ್ಳೆಯದು, ಎಲ್ಲಿಂದ ಡಾಕ್ಟರಿಗೆ ಹತ್ತಿರ, ಎಲ್ಲಾ ಗೊತ್ತು. ಪ್ರತಿ ಬಾಗಿಲಲ್ಲೂ ಮೊದಲು ಕೇಳಿದ ಪ್ರಶ್ನೆಯೂ ಈಗ ನೆನಪಿಗೆ ಬಂತು. ಗುರುರಾಜ್ ಅದಕ್ಕೆ ಉತ್ತರ ಕೊಡುವಾಗೆಲ್ಲ ಅವಳು ಪಕ್ಕದಲ್ಲಿ ನಿಂತು ಕಿಟಕಿಗಳನ್ನು ನೋಡುತ್ತಿದ್ದಳು.

“ಅಕ್ಕ? ಇದೀರಾ?”

“ಇದೀನಿ.”

“ಹೊಗೆ ಎಷ್ಟು ಹೊತ್ತಿಗೆ ಬರ್ತೈತೆ?”

“ಬೆಳಗಿನ ಜಾವ ಶುರು. ಮಧ್ಯಾಹ್ನದವರೆಗೂ ಇರುತ್ತೆ.”

“ಕಿಟಕಿ ಹಾಕ್ಕಂಡ್ರೆ?”

“ಹಾಕಿದ್ರೂ ಬರುತ್ತೆ.”

“ಮುಂದಿನ ರೂಮಿಗೂ?”

“ಅಲ್ಲಿ ಸ್ವಲ್ಪ ಕಡಿಮೆ” ಎಂದಳು ರಂಜಿತಾ, ಗೋಡೆಯ ಪಕ್ಕ ಬಾಯಿ ತೆರೆದು ಮಲಗಿದ್ದ ಮಗಳನ್ನು ನೋಡುತ್ತಾ.

ಆ ಕಡೆ ಮಹ್ವಿಶ್ ಮಗುವನ್ನು ಭುಜ ಬದಲಿಸಿಕೊಂಡಂತೆ ಸದ್ದಾಯಿತು. “ಹಂಗಾದ್ರೆ ತೊಟ್ಟಿಲು ಮುಂದಿನ ರೂಮಾಗೇ ಕಟ್ತೀವಿ ಬಿಡ್ರಿ” ಎಂದಳು. “ಅಲ್ಲಿ ಕೊಂಡಿ ಐತಾ ಅಕ್ಕ?”